ಎಂಜಿನ್ ದೀಪ ಹೊತ್ತಿಕೊಂಡಾಗ: ಕೋಡ್ ಓದುವುದು, ಕಾರಣ ಹುಡುಕುವುದು

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡರೆ ಹೆಚ್ಚಿನವರು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕಾರು ಓಡುತ್ತಿದೆಯಲ್ಲ ಎಂದು ಕೆಲವರು ತಿಂಗಳುಗಟ್ಟಲೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನು ಕೆಲವರು ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಸಂಕೇತ, ಅಂದರೆ ಕೋಡ್, ಗೊತ್ತಾದ ಕೂಡಲೇ ಅದರಲ್ಲಿ ಹೆಸರಿರುವ ಸೆನ್ಸರನ್ನು ಬದಲಾಯಿಸಿಬಿಡುತ್ತಾರೆ. ಎರಡರಿಂದಲೂ ಹಣ ಪೋಲಾಗುತ್ತದೆ. ಸೆನ್ಸರ್ ದೂರು ಕೊಟ್ಟಿತೆಂದು ಸೆನ್ಸರನ್ನೇ ಕಿತ್ತುಹಾಕುವುದು, ಬೊಗಳಿದ ನಾಯಿಯನ್ನೇ ಕಳ್ಳನೆಂದು ಕಟ್ಟಿಹಾಕಿದಂತೆ. ಎಲ್ಲಿಯೋ ಒಂದು ಅಳತೆ ತಾನು ನಿರೀಕ್ಷಿಸಿದಂತೆ ಇಲ್ಲ ಎಂಬುದಷ್ಟೇ ಎಂಜಿನ್ ನಿಯಂತ್ರಣ ಕಂಪ್ಯೂಟರಿಗೆ, ಅಂದರೆ ಇಸಿಯುವಿಗೆ, ಗೊತ್ತಿರುತ್ತದೆ. ಹಾಗೇಕಾಯಿತು ಎಂಬುದನ್ನು ಹುಡುಕುವ ಕೆಲಸ ನಮ್ಮದು. ಆ ಹುಡುಕಾಟದ ಬಹುಪಾಲನ್ನು ಕೋಡ್ ಓದುವ ಒಂದು ಸಣ್ಣ ಸ್ಕ್ಯಾನರ್, ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ ಇರುವ ಯಾರು ಬೇಕಾದರೂ ಮಾಡಬಹುದು.

1. ಮೊದಲು ದೀಪದ ಬಣ್ಣ ಮತ್ತು ವರ್ತನೆ ನೋಡಿ

ಕೆಂಪು ದೀಪಗಳದ್ದು ಬೇರೆಯೇ ವಿಷಯ. ಆಯಿಲ್ ಒತ್ತಡದ ಕೆಂಪು ದೀಪ ಅಥವಾ ಎಂಜಿನ್ ಬಿಸಿಯ ಕೆಂಪು ದೀಪ ಬಂದರೆ ಸುರಕ್ಷಿತ ಜಾಗದಲ್ಲಿ ಕೂಡಲೇ ನಿಲ್ಲಿಸಿ, ಎಂಜಿನ್ ಆರಿಸಿ. ಆಯಿಲ್ ಒತ್ತಡವಿಲ್ಲದೆ ಕೆಲವೇ ನಿಮಿಷ ಓಡಿಸಿದರೂ ಎಂಜಿನ್ ಸಂಪೂರ್ಣ ಹಾಳಾಗಬಹುದು. ಅಲ್ಲಿ ಸ್ಕ್ಯಾನರಿಗೆ ಕೆಲಸವಿಲ್ಲ.

ಹಳದಿ ಎಂಜಿನ್ ದೀಪ ಮಿನುಗುತ್ತಿದ್ದರೆ ತೀವ್ರ ಮಿಸ್‌ಫೈರ್ ಆಗುತ್ತಿದೆ ಎಂದು ಅರ್ಥ. ಯಾವುದೋ ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಳ್ಳದೆ ಹಾಗೆಯೇ ಹೊರಗೆ ಹೋಗುತ್ತಿದೆ. ಆ ಇಂಧನ, ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು, ಅದರ ಜೇನುಗೂಡಿನಂಥ ಸೆರಾಮಿಕ್ ಭಾಗವನ್ನು ಕರಗಿಸಬಲ್ಲದು. ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಗ್ಗಿಸಿ. ಆಗಲೂ ಮಿನುಗು ನಿಲ್ಲದಿದ್ದರೆ ಕಾರು ನಿಲ್ಲಿಸಿ, ಎಳೆಸಿಕೊಂಡು ಹೋಗಿ. ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಒಂದು ಇಗ್ನಿಷನ್ ಕಾಯಿಲ್ ಬದಲಾಯಿಸಿದರೆ ಮುಗಿಯಬಹುದಾದ ಕೆಲಸ, ಹೀಗೆ ಓಡಿಸುತ್ತಲೇ ಹೋದರೆ ಕನ್ವರ್ಟರನ್ನೂ ಬಲಿ ತೆಗೆದುಕೊಳ್ಳುತ್ತದೆ.

ದೀಪ ಸ್ಥಿರವಾಗಿ ಉರಿಯುತ್ತಿದ್ದು, ಕಾರು ಎಂದಿನಂತೆ ಓಡುತ್ತಿದ್ದರೆ ಗಾಬರಿ ಬೇಡ. ಮನೆಗೆ ತಲುಪಿ, ಕೆಲವು ದಿನಗಳೊಳಗೆ ಪರೀಕ್ಷಿಸಿ. ಸ್ಥಿರ ದೀಪದ ಜೊತೆಗೆ ಎಂಜಿನ್ ಶಕ್ತಿಯೂ ಕುಸಿದು, ಎಷ್ಟು ಒತ್ತಿದರೂ ವೇಗ ಏರದಿದ್ದರೆ, ಇಸಿಯು ಎಂಜಿನ್ನನ್ನು ಕಾಪಾಡಲು ತಾನೇ ಶಕ್ತಿಯನ್ನು ಮಿತಿಗೊಳಿಸಿದೆ. ಆಗ ದೂರದ ಪ್ರಯಾಣಕ್ಕೆ ಹೊರಡಬೇಡಿ.

ಇನ್ನೊಂದು ಮಾತು. ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡುವ ಮುನ್ನ ಈ ದೀಪ ಒಮ್ಮೆ ಹೊತ್ತಲೇಬೇಕು. ಹಳೆಯ ಕಾರು ಕೊಳ್ಳಲು ಹೋದಾಗ ಅದು ಹೊತ್ತದಿದ್ದರೆ ದೀಪವನ್ನು ಯಾರೋ ಬೇಕೆಂದೇ ಆರಿಸಿಟ್ಟಿರಬಹುದು.

2. ಸ್ಕ್ಯಾನರ್ ಹಚ್ಚುವ ಮುನ್ನ ಕಣ್ಣಿಗೆ ಕೆಲಸ ಕೊಡಿ

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿ. ಟ್ಯಾಂಕಿನ ಇಂಧನ ಆವಿ ಹೊರಗೆ ಸೋರದಂತೆ ತಡೆಯುವ ವ್ಯವಸ್ಥೆ ಅನೇಕ ಕಾರುಗಳಲ್ಲಿದೆ. ಸೋರಿಕೆಯನ್ನು ಪರೀಕ್ಷಿಸುವ ಕಾರುಗಳಲ್ಲಿ ಸಡಿಲ ಮುಚ್ಚಳ ಅಥವಾ ಬಿರುಕು ಬಿಟ್ಟ ಅದರ ರಬ್ಬರ್ ಉಂಗುರವೇ ದೀಪ ಹೊತ್ತಿಸಲು ಸಾಕು. ಪಿ0455, ಪಿ0457 ಕೋಡ್‌ಗಳು ಬಂದಾಗ ಮೊದಲು ನೋಡಬೇಕಾದುದು ಇದನ್ನೇ. ಮುಚ್ಚಳ ಬಿಗಿ ಮಾಡಿದ ತಕ್ಷಣ ದೀಪ ಆರುವುದಿಲ್ಲ; ಕೆಲವು ದಿನಗಳ ಓಡಾಟ ಬೇಕು.

ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ದೀಪ ಬರುವ ಸ್ವಲ್ಪ ಮುಂಚೆ ಏನಾಗಿತ್ತು? ಏರ್ ಫಿಲ್ಟರ್ ಬದಲಾಯಿಸಿದ್ದರೆ ಗಾಳಿಯ ಕೊಳವೆಯ ಕ್ಲಾಂಪ್ ಸಡಿಲ ಉಳಿದಿರಬಹುದು, ಅಥವಾ ಗಾಳಿ ಅಳೆಯುವ ಸೆನ್ಸರಿನ ಪ್ಲಗ್ ಪೂರ್ತಿ ಕೂತಿರಲಿಕ್ಕಿಲ್ಲ. ನೀರು ನಿಂತ ರಸ್ತೆಯಲ್ಲಿ ಹೋಗಿದ್ದರೆ ಯಾವುದೋ ಕನೆಕ್ಟರಿನೊಳಗೆ ತೇವ ಸೇರಿರಬಹುದು. ಕಾರು ಬಹಳ ದಿನ ನಿಂತಿದ್ದರೆ ಬಾನೆಟ್ ಎತ್ತಿ ಇಲಿ ಕಡಿದ ವೈರುಗಳಿವೆಯೇ ನೋಡಿ. ಇದೆಲ್ಲ ಸಾಮಾನ್ಯ ಸಂಗತಿ ಎಂದು ದಾಟಿ ಹೋಗಬೇಡಿ. ಕೊನೆಗೆ ಸಿಗುವ ಕಾರಣಗಳು ಹೆಚ್ಚಾಗಿ ಇಷ್ಟೇ ಸಾಮಾನ್ಯವಾಗಿರುತ್ತವೆ.

ಆಯಿಲ್ ಮಟ್ಟ ನೋಡಿ. ಎಂಜಿನ್ ತಣ್ಣಗಿರುವಾಗ ಮಾತ್ರ ಕೂಲೆಂಟ್ ಮಟ್ಟ ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ಕೆಲವು ಗಂಟೆ ನಿಂತಿದ್ದ ಕಾರಿನಲ್ಲಿ 12.4ರಿಂದ 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.5ರಿಂದ 14.7 ವೋಲ್ಟ್ ಇರಬೇಕು. ಹೊಸ ಕಾರುಗಳು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಬುದ್ಧಿಪೂರ್ವಕವಾಗಿ ತಗ್ಗಿಸಿ ಏರಿಸುವುದರಿಂದ ಈ ಅಂಕಿ ಆಗಾಗ ಬದಲಾಗುವುದುಂಟು. ದುರ್ಬಲ ಬ್ಯಾಟರಿ ಒಂದಕ್ಕೊಂದು ಸಂಬಂಧವಿಲ್ಲದ ಅರ್ಧ ಡಜನ್ ಕೋಡ್‌ಗಳನ್ನು ಒಟ್ಟಿಗೇ ಎಬ್ಬಿಸಬಲ್ಲದು.

3. ಕೋಡ್ ಓದಿ, ಬರೆದಿಟ್ಟುಕೊಳ್ಳಿ, ಅಳಿಸಬೇಡಿ

ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ, ದೋಷವನ್ನು ಕಾರೇ ಪತ್ತೆಹಚ್ಚಿ ಕೋಡ್ ದಾಖಲಿಸುವ ಈ ತಪಾಸಣಾ ವ್ಯವಸ್ಥೆ ಕಡ್ಡಾಯವಾಯಿತು. ಆದ್ದರಿಂದ ಇಂದಿನ ಬಹುತೇಕ ಎಲ್ಲ ಕಾರುಗಳಲ್ಲಿ ಸ್ಟಿಯರಿಂಗಿನ ಆಸುಪಾಸು, ಡ್ಯಾಶ್‌ಬೋರ್ಡಿನ ಕೆಳಗೆ 16 ಪಿನ್ನುಗಳ ಒಂದೇ ಬಗೆಯ ಸಾಕೆಟ್ ಇರುತ್ತದೆ. ಸ್ಕ್ಯಾನರನ್ನು ಅಲ್ಲಿ ಸಿಕ್ಕಿಸಿ. ಪರದೆಯಿರುವ ಕೈ ಸ್ಕ್ಯಾನರ್ ಆಗಬಹುದು, ಮೊಬೈಲಿಗೆ ಬ್ಲೂಟೂತ್ ಅಥವಾ ವೈಫೈ ಮೂಲಕ ಮಾಹಿತಿ ಕಳಿಸುವ ಇಎಲ್ಎಂ327 ಬಗೆಯ ಪುಟ್ಟ ಅಡಾಪ್ಟರ್ ಕೂಡ ಆಗಬಹುದು. ಕೊಳ್ಳುವಾಗ ಒಂದನ್ನು ಖಚಿತಪಡಿಸಿಕೊಳ್ಳಿ: ಅದು ಕೋಡ್ ಮಾತ್ರವಲ್ಲ, ಎಂಜಿನ್ ಓಡುವಾಗಿನ ಲೈವ್ ಅಂಕಿಗಳನ್ನೂ ತೋರಿಸಬೇಕು. ಕೋಡ್ ಮಾತ್ರ ಓದುವ ಸಾಧನದಿಂದ ಅರ್ಧ ದಾರಿಯನ್ನಷ್ಟೇ ಕ್ರಮಿಸಬಹುದು.

ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯ ವಿದ್ಯುತ್ ಬರುತ್ತದೆ. ಸ್ಕ್ಯಾನರಿನ ದೀಪವೇ ಹೊತ್ತದಿದ್ದರೆ ಆ ಸಾಲಿನ ಫ್ಯೂಸ್ ಪರೀಕ್ಷಿಸಿ. ಇದೇ ಕಾರಣಕ್ಕೆ ಅಡಾಪ್ಟರನ್ನು ದಿನಗಟ್ಟಲೆ ಅಲ್ಲಿಯೇ ಬಿಟ್ಟರೆ ಬ್ಯಾಟರಿ ಇಳಿಯಬಹುದು.

ಕೀಲಿ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ ಕೋಡ್ ಓದಿ. ದೃಢಪಟ್ಟ ಕೋಡ್‌ಗಳು ಮತ್ತು ಬಾಕಿ ಇರುವ ಕೋಡ್‌ಗಳು ಬೇರೆಬೇರೆಯಾಗಿ ಕಾಣಿಸುತ್ತವೆ. ಅನೇಕ ದೋಷಗಳು ಸತತ ಎರಡು ಓಡಾಟಗಳಲ್ಲಿ ಕಂಡರೆ ಮಾತ್ರ ದೀಪ ಹೊತ್ತುತ್ತದೆ. ಒಮ್ಮೆ ಮಾತ್ರ ಕಂಡದ್ದು ಬಾಕಿ ಪಟ್ಟಿಯಲ್ಲಿ ಕೂತಿರುತ್ತದೆ. ಎರಡೂ ಪಟ್ಟಿಗಳನ್ನು ಬರೆದುಕೊಳ್ಳಿ.

ಈಗ ಬಹುತೇಕರು ತೆರೆದೇ ನೋಡದ ಪುಟಕ್ಕೆ ಹೋಗಿ: ಫ್ರೀಜ್ ಫ್ರೇಮ್. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ ವೇಗ, ಕಾರಿನ ವೇಗ, ಕೂಲೆಂಟಿನ ಬಿಸಿ, ಎಂಜಿನ್ ಮೇಲಿನ ಭಾರ ಎಷ್ಟಿದ್ದವು ಎಂಬುದನ್ನು ಇಸಿಯು ಅಲ್ಲಿ ಹಿಡಿದಿಟ್ಟಿರುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ನಿಂತಲ್ಲೇ ಆದ ಮಿಸ್‌ಫೈರ್ ಮತ್ತು ಏರುದಾರಿಯಲ್ಲಿ ಪೂರ್ಣ ಭಾರದಲ್ಲಿ ಆದ ಮಿಸ್‌ಫೈರ್ ಎರಡಕ್ಕೂ ಕೋಡ್ ಒಂದೇ, ಕಾರಣ ಬೇರೆ. ಕೋಡ್ ಅಳಿಸಿದರೆ ಈ ದಾಖಲೆಯೂ ಅಳಿಯುತ್ತದೆ. ಬ್ಯಾಟರಿಯ ವೈರ್ ಬಿಚ್ಚಿ ದೀಪ ಆರಿಸುವ ಅಭ್ಯಾಸ ನನಗೆ ಸ್ವಲ್ಪವೂ ಹಿಡಿಸದಿರುವುದು ಇದಕ್ಕಾಗಿಯೇ. ಅದರಿಂದ ದೋಷ ಹೋಗುವುದಿಲ್ಲ, ಸಾಕ್ಷ್ಯ ಮಾತ್ರ ಹೋಗುತ್ತದೆ.

4. ಕೋಡಿನ ಅಕ್ಷರ, ಅಂಕಿಗಳು

ಮೊದಲಕ್ಷರ ವಿಭಾಗವನ್ನು ಹೇಳುತ್ತದೆ: ಪಿ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಸಿ ಎಂದರೆ ಬ್ರೇಕ್‌ನಂಥ ಚಾಸಿ ಭಾಗ, ಬಿ ಎಂದರೆ ಬಾಡಿ, ಯು ಎಂದರೆ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಮುಂದಿನ ಅಂಕಿ 0 ಇದ್ದರೆ ಎಲ್ಲ ಕಂಪನಿಗಳಿಗೂ ಸಮಾನವಾದ ಕೋಡ್, 1 ಇದ್ದರೆ ಆಯಾ ಕಂಪನಿಯದೇ ಕೋಡ್. ಪಿ1 ಎಂದು ಶುರುವಾಗುವ ಕೋಡಿಗೆ ಬೇರೆ ಕಂಪನಿಯ ಪಟ್ಟಿಯಲ್ಲಿ ಅರ್ಥ ಹುಡುಕಿದರೆ ದಾರಿ ತಪ್ಪುವುದು ಖಂಡಿತ. ಮೂರನೆಯ ಸ್ಥಾನದ 1 ಮತ್ತು 2 ಗಾಳಿ–ಇಂಧನಕ್ಕೆ, 3 ಕಿಡಿ ಮತ್ತು ಮಿಸ್‌ಫೈರ್‌ಗೆ, 4 ಹೊಗೆ ನಿಯಂತ್ರಣಕ್ಕೆ, 5 ವೇಗ ಮತ್ತು ಐಡಲ್‌ಗೆ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದು), 6 ಕಂಪ್ಯೂಟರಿಗೆ, 7 ಗೇರ್‌ಬಾಕ್ಸಿಗೆ ಸಂಬಂಧಿಸಿದ್ದು.

ಒಂದಕ್ಕಿಂತ ಹೆಚ್ಚು ಕೋಡ್‌ಗಳಿದ್ದರೆ ಯಾವುದರಿಂದ ಶುರು ಮಾಡಬೇಕು? ನಾನು ಹಿಡಿಯುವ ಕ್ರಮ ಇದು: ಮೊದಲು ವೋಲ್ಟೇಜಿನ ಕೋಡ್, ನಂತರ ಸೆನ್ಸರ್ ವಿದ್ಯುತ್ ಮಾರ್ಗದ ಕೋಡ್‌ಗಳು, ನಂತರ ಮಿಸ್‌ಫೈರ್, ಆಮೇಲೆ ಗಾಳಿ–ಇಂಧನ ಮಿಶ್ರಣ, ಎಲ್ಲಕ್ಕಿಂತ ಕೊನೆಗೆ ಕ್ಯಾಟಲಿಟಿಕ್ ಕನ್ವರ್ಟರ್. ಮೇಲಿನದು ಸರಿಯಾದರೆ ಕೆಳಗಿನದು ಎಷ್ಟೋ ಸಲ ತಾನಾಗಿಯೇ ಸರಿಯಾಗುತ್ತದೆ.

5. ಸೆನ್ಸರ್ ಕೆಟ್ಟಿದೆಯೋ, ವೈರ್ ಕೆಟ್ಟಿದೆಯೋ?

ಕೋಡಿನ ವಿವರಣೆಯಲ್ಲಿ ಸರ್ಕ್ಯೂಟ್ ಹೈ, ಸರ್ಕ್ಯೂಟ್ ಲೋ ಎಂದಿದ್ದರೆ ತೊಂದರೆ ವಿದ್ಯುತ್ ಮಾರ್ಗದ್ದು: ವೈರ್ ತುಂಡಾಗಿದೆ, ಶಾರ್ಟ್ ಆಗಿದೆ ಅಥವಾ ಸೆನ್ಸರಿನ ಒಳಭಾಗ ಹಾಳಾಗಿದೆ. ಉದಾಹರಣೆಗೆ ಪಿ0113, ಒಳಹೋಗುವ ಗಾಳಿಯ ಬಿಸಿ ಅಳೆಯುವ ಸೆನ್ಸರಿನದು. ಲೈವ್ ಅಂಕಿಯಲ್ಲಿ ಗಾಳಿಯ ಬಿಸಿ ಮೈನಸ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಂಡರೆ ಅದು ಚಳಿಯಲ್ಲ. ಎಲ್ಲೋ ಸಂಪರ್ಕ ತಪ್ಪಿದೆ. ಈ ಸೆನ್ಸರ್ ಪ್ರತ್ಯೇಕವಾಗಿದ್ದು ಅದರ ಪ್ಲಗ್ಗಿಗೆ ಎರಡೇ ವೈರುಗಳಿದ್ದರೆ, ಪ್ಲಗ್ ತೆಗೆದು ಆ ಎರಡು ತುದಿಗಳನ್ನು ತೆಳು ವೈರಿನಿಂದ ಕ್ಷಣಕಾಲ ಜೋಡಿಸಿ. ಅಂಕಿ ಕೂಡಲೇ ಬಹಳ ಮೇಲಕ್ಕೆ ನೆಗೆದರೆ ವೈರ್ ಮತ್ತು ಇಸಿಯು ಸರಿಯಾಗಿವೆ, ಸೆನ್ಸರ್ ಬದಲಾಯಿಸಿ. ಅಂಕಿ ಕದಲದಿದ್ದರೆ ಹೊಸ ಸೆನ್ಸರ್ ತಂದರೂ ಪ್ರಯೋಜನವಿಲ್ಲ, ವೈರ್ ಹುಡುಕಿ. ಈ ಪರೀಕ್ಷೆ ಎರಡು ವೈರಿನ ತಾಪಮಾನ ಸೆನ್ಸರಿಗೆ ಮಾತ್ರ; ಮೂರು ಅಥವಾ ಹೆಚ್ಚು ವೈರುಗಳ ಪ್ಲಗ್ಗಿನಲ್ಲಿ ಎಂದಿಗೂ ಮಾಡಬೇಡಿ.

ತಾಪಮಾನ ಸೆನ್ಸರ್‌ಗಳನ್ನು ಯಾವ ಸಾಧನವನ್ನೂ ಬಿಚ್ಚದೆ ಹೋಲಿಸಿ ನೋಡಬಹುದು. ಕಾರು ರಾತ್ರಿಯಿಡೀ ನಿಂತ ಮೇಲೆ ಬೆಳಗ್ಗೆ ಕೀಲಿ ಆನ್ ಮಾಡಿ. ಕೂಲೆಂಟಿನ ಬಿಸಿ, ಒಳಗಾಳಿಯ ಬಿಸಿ ಎರಡೂ ಹೊರಗಿನ ಹವೆಗೆ ಹತ್ತಿರವಾಗಿ, ಒಂದಕ್ಕೊಂದು ಕೆಲವೇ ಡಿಗ್ರಿ ವ್ಯತ್ಯಾಸದಲ್ಲಿ ಇರಬೇಕು. ಒಂದು ಮಾತ್ರ ದೂರ ಸರಿದಿದ್ದರೆ ಅದು ಸುಳ್ಳು ಹೇಳುತ್ತಿದೆ.

6. ಹೆಚ್ಚಾಗಿ ಎದುರಾಗುವ ಕೋಡ್‌ಗಳು

*ಪಿ0300ರಿಂದ ಪಿ0304, ಮಿಸ್‌ಫೈರ್.* ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಪಿ0302 ಎಂದರೆ ಎರಡನೆಯ ಸಿಲಿಂಡರ್. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಎಂಜಿನ್ನಿನಲ್ಲಿ ಅದಲುಬದಲು ಪರೀಕ್ಷೆಗಿಂತ ಒಳ್ಳೆಯ ಉಪಾಯವಿಲ್ಲ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಎರಡನೆಯ ಸಿಲಿಂಡರಿನ ಕಾಯಿಲ್ಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ದೋಷ ಕಾಯಿಲ್ಲಿನ ಜೊತೆಗೇ ಹೋಗಿದೆ, ಅದನ್ನೇ ಬದಲಾಯಿಸಿ. ಮತ್ತೆ ಪಿ0302 ಬಂದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಅದಲುಬದಲು ಮಾಡಿ. ಆಗಲೂ ಜಾಗ ಬಿಡದಿದ್ದರೆ ಇಂಜೆಕ್ಟರ್ ಅಥವಾ ಸಿಲಿಂಡರಿನ ಒತ್ತಡ ಪರೀಕ್ಷಿಸಬೇಕು. ಎಂಜಿನ್ ಓಡುವಾಗ ಮಾತ್ರ ಕಾಯಿಲ್ ಮುಟ್ಟಬೇಡಿ, ಅಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ ಇರುತ್ತದೆ.

ಪಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಮಿಸ್‌ಫೈರ್ ಆಗುತ್ತಿದ್ದು ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಎಂಜಿನ್ ಹೆಡ್ ಮತ್ತು ಬ್ಲಾಕಿನ ನಡುವಿನ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಬರಬೇಕು. ಪಿ0300 ಎಂದರೆ ಒಂದೇ ಸಿಲಿಂಡರಿಗೆ ಸೀಮಿತವಲ್ಲದ ಮಿಸ್‌ಫೈರ್. ಆಗ ಎಲ್ಲಕ್ಕೂ ಸಮಾನವಾದ ಇಂಧನ ಒತ್ತಡ, ಗಾಳಿ ಸೋರಿಕೆಯಂಥ ಕಾರಣಗಳ ಕಡೆಗೆ ತಿರುಗಿ.

*ಪಿ0171, ಮಿಶ್ರಣದಲ್ಲಿ ಇಂಧನ ಕಡಿಮೆ.* ಈ ಕೋಡ್ ಬಂದಾಗ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಾಯಿಸುವವರು ಬಹಳ. ಆದರೆ ಹೆಚ್ಚಿನ ಸಲ ಆ ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಹೆಚ್ಚಾದಂತೆ ಕಂಡರೆ ಇಸಿಯು ಇಂಧನ ಹೆಚ್ಚಿಸುತ್ತದೆ. ಈ ತಿದ್ದುಪಡಿಯೇ ಫ್ಯೂಯಲ್ ಟ್ರಿಮ್, ಲೈವ್ ಅಂಕಿಗಳಲ್ಲಿ ಶೇಕಡಾವಾರು ಕಾಣುತ್ತದೆ. ತಕ್ಷಣದ ಟ್ರಿಮ್ ಸದಾ ಏರಿಳಿಯುತ್ತದೆ, ದೀರ್ಘಾವಧಿಯ ಟ್ರಿಮ್ ನಿಧಾನವಾಗಿ ಕಲಿತದ್ದು. ಎರಡನ್ನೂ ಕೂಡಿಸಿದಾಗ ಸೊನ್ನೆಯ ಆಚೀಚೆ ಶೇಕಡಾ 10ರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಪ್ಲಸ್ 20 ದಾಟಿದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ ಅಥವಾ ಇಂಧನ ಸಾಲುತ್ತಿಲ್ಲ.

ಈ ಎರಡರಲ್ಲಿ ಯಾವುದು ಎಂದು ತಿಳಿಯಲು ಬಿಸಿಯಾದ ಎಂಜಿನ್ನನ್ನು ಮೊದಲು ಐಡಲ್‌ನಲ್ಲಿ, ನಂತರ 2500 ಆರ್‌ಪಿಎಂನಲ್ಲಿ ಓಡಿಸಿ ಟ್ರಿಮ್ ನೋಡಿ. ಗಾಳಿಯ ಹರಿವು ಅಳೆಯುವ ಮ್ಯಾಫ್ ಸೆನ್ಸರ್ ಇರುವ ಕಾರಿನಲ್ಲಿ, ಐಡಲ್‌ನಲ್ಲಿ ಬಹಳ ಹೆಚ್ಚಿದ್ದ ಟ್ರಿಮ್ 2500ರಲ್ಲಿ ಸೊನ್ನೆಯತ್ತ ಇಳಿದರೆ ಅದು ಗಾಳಿ ಸೋರಿಕೆ. ಸಣ್ಣ ತೂತಿನಿಂದ ಬರುವ ಗಾಳಿ ಐಡಲ್‌ನಲ್ಲಿ ದೊಡ್ಡ ಪಾಲು, ಎಂಜಿನ್ ಹೆಚ್ಚು ಗಾಳಿ ಎಳೆಯುವಾಗ ಅದು ನಗಣ್ಯ. ಬಿರುಕು ಬಿಟ್ಟ ರಬ್ಬರ್ ಕೊಳವೆ, ಕಳಚಿದ ವ್ಯಾಕ್ಯೂಮ್ ಪೈಪು, ಇನ್‌ಟೇಕ್ ಗ್ಯಾಸ್ಕೆಟ್ ಹುಡುಕಿ. ಬರಿಗಣ್ಣಿಗೆ ಕಾಣದಿದ್ದರೆ ಗ್ಯಾರೇಜಿನಲ್ಲಿ ಹೊಗೆ ಪರೀಕ್ಷೆ ಮಾಡಿಸಿ. ಇನ್‌ಟೇಕಿಗೆ ಹೊಗೆ ತುಂಬಿದರೆ ಅದು ಬಿರುಕಿನಿಂದಲೇ ಹೊರಬರುತ್ತದೆ. ಉರಿಯುವ ಸ್ಪ್ರೇ ಎರಚಿ ಸೋರಿಕೆ ಹುಡುಕುವ ಹಳೆಯ ರೂಢಿಯನ್ನು ಬಿಸಿ ಎಂಜಿನ್ ಮೇಲೆ ಪ್ರಯೋಗಿಸಬೇಡಿ, ಬೆಂಕಿ ಹತ್ತುವ ಅಪಾಯವಿದೆ. ಇದಕ್ಕೆ ವಿರುದ್ಧವಾಗಿ ಐಡಲ್‌ನಲ್ಲಿ ಸರಿಯಿದ್ದ ಟ್ರಿಮ್ ಭಾರ ಏರಿದಂತೆ ಏರುತ್ತಿದ್ದರೆ ಇಂಧನ ಪಂಪ್, ಫಿಲ್ಟರ್ ಅಥವಾ ಕೊಳೆ ಹಿಡಿದ ಮ್ಯಾಫ್ ಸೆನ್ಸರ್ ನೋಡಿ. ಮ್ಯಾಫ್ ಸೆನ್ಸರನ್ನು ಅದಕ್ಕೆಂದೇ ಇರುವ ಕ್ಲೀನರಿನಿಂದ ಮಾತ್ರ ತೊಳೆಯಿರಿ, ಬಟ್ಟೆ ಅಥವಾ ಬ್ರಷ್ ತಾಗಿಸಬೇಡಿ.

*ಪಿ0420, ಕನ್ವರ್ಟರಿನ ಸಾಮರ್ಥ್ಯ ಕಡಿಮೆ.* ಕನ್ವರ್ಟರ್ ಬಹಳ ದುಬಾರಿ ಭಾಗ, ಆದ್ದರಿಂದ ಇಲ್ಲಿ ಅವಸರ ಸಲ್ಲದು. ಕನ್ವರ್ಟರಿನ ನಂತರ ಇರುವ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ನೋಡಿ. ಬಿಸಿಯಾದ ಎಂಜಿನ್ ಒಂದೇ ವೇಗದಲ್ಲಿ ಓಡುವಾಗ ಅದು ಸುಮಾರು 0.6–0.7 ವೋಲ್ಟಿನ ಆಸುಪಾಸು ಹೆಚ್ಚು ಅಲುಗಾಡದೆ ಇದ್ದರೆ ಕನ್ವರ್ಟರ್ ಕೆಲಸ ಮಾಡುತ್ತಿದೆ. 0.1 ಮತ್ತು 0.9ರ ನಡುವೆ ಬೇಗಬೇಗ ಹೊಯ್ದಾಡುತ್ತಿದ್ದರೆ ಕನ್ವರ್ಟರ್ ಸೋತಿರುವ ಸಾಧ್ಯತೆ ಹೆಚ್ಚು. ಹಾಗೆಂದು ತೀರ್ಮಾನಿಸುವ ಮುನ್ನ ಸೈಲೆನ್ಸರ್ ಪೈಪಿನ ಸಂದುಗಳಲ್ಲಿ ಹೊಗೆ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸೆನ್ಸರಿನ ಹತ್ತಿರದ ಸೋರಿಕೆ ಹೊರಗಾಳಿಯನ್ನು ಒಳಗೆಳೆದು ಲೆಕ್ಕ ಕೆಡಿಸುತ್ತದೆ. ಕನ್ವರ್ಟರ್ ನಿಜವಾಗಿಯೂ ಸತ್ತಿದ್ದರೆ ಅದನ್ನು ಕೊಂದದ್ದು ಯಾವುದು ಎಂದೂ ಹುಡುಕಿ. ಮಿಸ್‌ಫೈರ್ ಅಥವಾ ಆಯಿಲ್ ಸುಡುವ ಎಂಜಿನ್ನಿಗೆ ಹೊಸದನ್ನು ಹಾಕಿದರೆ ಅದೂ ಹಾಗೆಯೇ ಹೋಗುತ್ತದೆ.

*ಪಿ0128.* ಎಂಜಿನ್ ತಕ್ಕ ಹೊತ್ತಿನಲ್ಲಿ ಬಿಸಿಯಾಗುತ್ತಿಲ್ಲ. ಕೂಲೆಂಟ್ ಮಟ್ಟ ಸರಿಯಿದ್ದರೆ ತೆರೆದೇ ಉಳಿದ ಥರ್ಮೋಸ್ಟಾಟ್ (ಕೂಲೆಂಟಿನ ಹರಿವು ನಿಯಂತ್ರಿಸುವ ಕವಾಟ) ಮೇಲೆ ಮೊದಲ ಸಂಶಯ. ನಿಂತಾಗ ಏರುವ ತಾಪಮಾನ ವೇಗವಾಗಿ ಓಡುವಾಗ ಇಳಿದರೆ ಸಂಶಯ ಬಲವಾಗುತ್ತದೆ.

ಡೀಸೆಲ್ ಕಾರುಗಳಲ್ಲಿ ಪಿ0299 ಟರ್ಬೊ ಒತ್ತಡ ಸಾಲದೆಂದೂ, ಪಿ0401 ಇಜಿಆರ್, ಅಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆಯ, ಹರಿವು ಸಾಲದೆಂದೂ ಹೇಳುತ್ತದೆ. ಮೊದಲನೆಯದಕ್ಕೆ ಟರ್ಬೊ ಬಿಚ್ಚುವ ಮುನ್ನ ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಕೊಳವೆಗಳು ಬಿರಿದಿವೆಯೇ, ಕ್ಲಾಂಪು ಜಾರಿದೆಯೇ ನೋಡಿ. ಎರಡನೆಯದಕ್ಕೆ ಹೆಚ್ಚಾಗಿ ಮಸಿ ಕಟ್ಟಿಕೊಂಡ ಕವಾಟವೇ ಕಾರಣ.

7. ರಿಪೇರಿ ಆದ ಮೇಲೆ

ಈಗ ಕೋಡ್ ಅಳಿಸಿ. ಅಳಿಸಿದ ಮೇಲೆ ಇಸಿಯು ತನ್ನ ಅನೇಕ ಸ್ವಯಂಪರೀಕ್ಷೆಗಳನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಸ್ಕ್ಯಾನರಿನ ರೆಡಿನೆಸ್ ಪುಟದಲ್ಲಿ ಅವು ಅಪೂರ್ಣ ಎಂದು ಕಾಣುತ್ತವೆ. ತಣ್ಣನೆಯ ಎಂಜಿನ್ನಿನಿಂದ ಶುರುಮಾಡಿ, ಸ್ವಲ್ಪ ನಿಂತು ಸಾಗುವ ರಸ್ತೆ, ಸ್ವಲ್ಪ ಒಂದೇ ವೇಗದ ಹೆದ್ದಾರಿ ಸೇರಿಸಿ ಕೆಲವು ದಿನ ಓಡಿಸಿ. ಆ ಪರೀಕ್ಷೆಗಳು ಪೂರ್ಣಗೊಂಡು, ಬಾಕಿ ಪಟ್ಟಿಯೂ ಖಾಲಿ ಇದ್ದರೆ ಮಾತ್ರ ರಿಪೇರಿ ಮುಗಿದಂತೆ. ಕೋಡ್ ಅಳಿಸದೆ ಬಿಟ್ಟರೂ ಸಾಮಾನ್ಯವಾಗಿ ಸತತ ಮೂರು ಓಡಾಟಗಳಲ್ಲಿ ದೋಷ ಕಾಣದಿದ್ದರೆ ದೀಪ ಆರುತ್ತದೆ. ಹೊಗೆ ತಪಾಸಣೆಗೆ ಹೋಗುವ ಹಿಂದಿನ ದಿನ ಕೋಡ್ ಅಳಿಸುವುದು ವ್ಯರ್ಥ. ರೆಡಿನೆಸ್ ನೋಡುವ ಕಡೆ ಅಪೂರ್ಣ ಪರೀಕ್ಷೆಗಳೇ ಅದನ್ನು ಹೇಳಿಬಿಡುತ್ತವೆ. ಹಳೆಯ ಕಾರು ಕೊಳ್ಳುವವರೂ ಈ ಪುಟವನ್ನು ತೆರೆದು ನೋಡಬೇಕು.

8. ಯಾವಾಗ ಮೆಕ್ಯಾನಿಕ್‌ಗೆ ಒಪ್ಪಿಸಬೇಕು

ಯು ಸರಣಿಯ ಸಂಪರ್ಕ ದೋಷಗಳು, ಏರ್‌ಬ್ಯಾಗಿನ ಕೋಡ್‌ಗಳು, ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಹೆಚ್ಚು ವೋಲ್ಟೇಜಿನ ಕೇಬಲ್‌ಗಳು ಮನೆಯಲ್ಲಿ ಮುಟ್ಟುವಂಥವಲ್ಲ. ಇಂದಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಇಂಧನ ಒತ್ತಡ 1000 ಬಾರ್ ದಾಟುತ್ತದೆ. ಆ ಪೈಪಿನ ಸೋರಿಕೆಯನ್ನು ಬೆರಳಿನಿಂದ ಹುಡುಕಿದರೆ ಇಂಧನ ಚರ್ಮ ತೂರಿ ಒಳಹೊಕ್ಕು ಗಂಭೀರ ಗಾಯವಾಗುತ್ತದೆ. ಯಾವ ಕೆಲಸಕ್ಕೇ ಆಗಲಿ ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ, ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಗ್ಯಾರೇಜಿಗೆ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಂಡು ಹೋಗಿ: ಕೋಡ್‌ಗಳು, ಫ್ರೀಜ್ ಫ್ರೇಮಿನ ಅಂಕಿಗಳು, ದೀಪ ಯಾವಾಗ ಬಂತು, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಇತ್ತೀಚೆಗೆ ಯಾವ ಭಾಗ ಬದಲಾಯಿತು, ನೀವು ಯಾವ ಪರೀಕ್ಷೆ ಮಾಡಿದಿರಿ, ಫಲಿತಾಂಶ ಏನು. ಮೆಕ್ಯಾನಿಕ್ ಒಂದು ಭಾಗ ಬದಲಾಯಿಸಬೇಕು ಎಂದರೆ, ಅದೇ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಕೇಳಿ. ಕೆಲಸ ಬಲ್ಲವರು ಅದಕ್ಕೆ ಸಂತೋಷದಿಂದ ಉತ್ತರ ಕೊಡುತ್ತಾರೆ. ಕೋಡ್ ಹಾಗೆ ಹೇಳಿತು ಎಂಬುದಷ್ಟೇ ಉತ್ತರವಾದರೆ ಆ ಭಾಗಕ್ಕೆ ಹಣ ಕೊಡುವ ಮುನ್ನ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿ.